ಒಂದೇ ಎಳೆತದ ಗಂಟು

ಟ್ರೇನಿನಲ್ಲಿ ಎದುರು ಸೀಟಿನ ಹೆಂಗಸು ಹೂವಿನ ಪೊಟ್ಟಣದ ದಾರವನ್ನು ಹಲ್ಲಿನಿಂದ ಕಚ್ಚುತ್ತಿದ್ದಾಳೆ, ಪಾಪ, ಇವರು ಕಟ್ಟಿದ ಗಂಟಾಗಿದ್ದರೆ ಒಂದು ತುದಿ ಎಳೆದರೆ ಸಾಕಿತ್ತು — ಡೊಂಬಿವಲಿ ಸ್ಟೇಷನ್ ಎದುರಿನ ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಇಡ್ಲಿ ಕಟ್ಟಿದ ಕೈ ನನ್ನ ಗಂಡನದು, ಟ್ರೇನಿನಲ್ಲಿ ಗಿರಾಕಿಗೆ ಒಂದೇ ಕೈ ಖಾಲಿ ಇರುವುದು ವಾರಿಜಾ, ಒಂದು ಎಳೆತಕ್ಕೆ ಬಿಚ್ಚಬೇಕು, ಅನ್ನುತ್ತಿದ್ದರು, ರಿಟೈರಾದ ಮೇಲೆ ಆ ಕೌಂಟರಿನ ಕಥೆಗಳನ್ನೇ ಬರೆದರು, ಸ್ವಂತ ದುಡ್ಡಿನಲ್ಲಿ ಪುಸ್ತಕ ಮಾಡಿಸಿದರು, ಮಾಡಿಸಿದ್ದಕ್ಕಿಂತ ಬಿಡುಗಡೆಯ ಸಭೆ ಮಾಡಿ ನಾಲ್ಕು ಜನಕ್ಕೆ ತಿಳಿಸುವುದಕ್ಕೇ ಹೆಚ್ಚು ಹೋಯಿತು, ಹಾಲ್ ಬಾಡಿಗೆ, ಮೈಕು, ಬ್ಯಾನರು, ಅತಿಥಿಗಳಿಗೆ ಶಾಲು — ಅತಿಥಿಗಳು ಮುಕ್ಕಾಲು ಗಂಟೆ ತಮ್ಮ ಬಗ್ಗೆಯೇ ಮಾತಾಡಿದರು, ಇರಲಿ, ಶೀರಾ ಚೆನ್ನಾಗಿತ್ತು.

ಎಡವಟ್ಟು ಮಾಡಿಕೊಂಡದ್ದು ಇವರೇ, ಬರುತ್ತೇವೆ ಅಂದ ನೂರಿಪ್ಪತ್ತು ಜನರ ಹೆಸರನ್ನೂ ಮೊದಲೇ ಒಂದೊಂದು ಪುಸ್ತಕದ ಒಳಪುಟದಲ್ಲಿ ಬರೆದು, ಪ್ರೀತಿಯ ಇಂಥವರಿಗೆ ಅಂತ ಸಹಿ ಹಾಕಿ, ಖಾಕಿ ಕಾಗದ ಸುತ್ತಿ, ಹೋಟೆಲಿನ ಬಿಳಿ ದಾರದಲ್ಲಿ ಕಟ್ಟಿಟ್ಟರು, ಬಂದದ್ದು ನಲವತ್ತು, ಉಳಿದದ್ದನ್ನು ಬೇರೆಯವರಿಗೆ ಮಾರುವ ಅಂದರೆ ಕೇಳಲಿಲ್ಲ, ನಮ್ಮ ಗಿರಾಕಿ ಜಯಶೀಲನ ಹೆಸರು ಬರೆದಾಗಿದೆ, ಇನ್ನೊಬ್ಬನಿಗೆ ಕೊಟ್ಟರೆ ಅವನಿಗೆ ಏನನ್ನಿಸಬೇಡ, ಇವರು ಮಂಡಿನೋವಿನವರು ಬೇರೆ, ಹಾಗಾಗಿ ಐದು ತಿಂಗಳಿನಿಂದ ಚೀಲ ಹೊತ್ತು ಮನೆಮನೆ ಅಲೆಯುವುದು ನಾನು, ಕಳಂಬೋಲಿಯ ಕಬ್ಬಿಣದಂಗಡಿಯಲ್ಲಿ ಜಯಶೀಲ ಚಾ ಕುಡಿಸಿದ, ಇದು ದೇಜಪ್ಪಣ್ಣನ ಕೈಯ ಗಂಟಲ್ವಾ ಅಂತ ನಕ್ಕ, ಹಾಗೇ ಬಿಲ್ಲುಬುಕ್ಕುಗಳ ಮೇಲಿಟ್ಟ, ನಮ್ಮ ಮಗಳು ಅಶ್ಮಿತಾ, ಪಪ್ಪಾ, ಫೇಸ್‌ಬುಕ್ ಪೇ ಡಾಲೋ ನಾ, ಅಂದಳು, ಇವರು ಫೋಟೋ ಹಾಕಿದರು, ತೊಂಬತ್ತು ಲೈಕು, ಫೋನು ಒಂದೂ ಇಲ್ಲ, ಬಚ್ಚಲಿಗೂ ಫೋನು ಒಯ್ಯುತ್ತಾರೆ, ಒಬ್ಬರಾದರೂ ಓದಿದೆ ಅಂದರೆ ಸಾಕು ವಾರಿಜಾ, ಇನ್ನೊಂದು ಬರೆಯುತ್ತೇನೆ, ಇಲ್ಲದಿದ್ದರೆ ಪೆನ್ನು ಮುಚ್ಚಿಡುವುದೇ.

ಇವತ್ತು ನೋಡಿದರೆ ಸಾನಪಾಡಾದಲ್ಲಿ ನಾದಿನಿ ಹರಿಣಾಕ್ಷಿಯ ಶೋಕೇಸಿನಲ್ಲಿ ಅದೇ ಖಾಕಿ, ಅದೇ ಗಂಟು, ಸಭೆಯಲ್ಲಿ ಮೊದಲ ಸಾಲಲ್ಲಿ ಕೂತು ತೆಗೆದುಕೊಂಡು ಹೋದವಳು, ಅಣ್ಣ ಕಟ್ಟಿದ್ದಲ್ವಾ ಅತ್ತಿಗೆ, ಬಿಚ್ಚಲಿಕ್ಕೆ ಮನಸ್ಸೇ ಬರುವುದಿಲ್ಲ, ನಿನ್ನ ಮನಸ್ಸಿಗೆ ಬೆಂಕಿ ಹಾಕ ಅಂತ ನಾಲಿಗೆಯ ತುದಿಗೆ ಬಂದಿತ್ತು, ಒಡಹುಟ್ಟಿದವಳೇ ಓದದಿದ್ದರೆ ಹೊರಗಿನವರು ಯಾಕೆ ಓದುತ್ತಾರೆ, ಒಂದು ಎಳೆತ, ಅಷ್ಟಕ್ಕೆ ಕೈಯಿಲ್ಲವೇ — ಐರೋಲಿ ಸ್ಟೇಷನ್ ಹೋಯಿತು, ಎದುರಿನವಳು ಅಂತೂ ದಾರ ಹರಿದಳು, ಮಲ್ಲಿಗೆ ಘಮಘಮ, ಶುಕ್ರವಾರ, ಥಾಣೆ ಸ್ಟೇಷನ್ನಿನಲ್ಲಿ ಇಳಿದು ನಾನೂ ದೇವರಿಗೆ ಹೂ ತೆಗೆದುಕೊಳ್ಳಬೇಕು, ದೀಪ ಹಚ್ಚುವುದು ದಿನಾ ಇವರೇ, ಮಂಡಿ ನೋವಿದ್ದರೂ, ಗಣಪತಿಯ ಮಗ್ಗುಲಲ್ಲಿ — ಗಣಪತಿಯ ಮಗ್ಗುಲಲ್ಲಿ ನನ್ನ ಪುಸ್ತಕ, ಎಲ್ಲರಿಗಿಂತ ಮೊದಲು ನನ್ನ ಕೈಗೆ ಕೊಟ್ಟದ್ದು, ಕುಂಕುಮ ಹಚ್ಚಿ ನಾನೇ ಇಟ್ಟದ್ದು, ಪುರುಸೊತ್ತಾದಾಗ ಓದುವ ಅಂತ, ಕಥೆಗಳೆಲ್ಲ ಇವರ ಬಾಯಲ್ಲಿ ಕೇಳಿದ್ದೇ ಅಲ್ಲವೇ ಅಂತ, ಐದು ತಿಂಗಳು, ದಿನಾ ಬೆಳಿಗ್ಗೆ ಬತ್ತಿ ಹಚ್ಚುವಾಗ ಅದು ಇವರ ಕಣ್ಣೆದುರೇ, ಓದಿದೆಯಾ ಅಂತ ಒಂದು ದಿನವೂ ಕೇಳಲಿಲ್ಲ, ಒಳಗೆ ನನಗೆ ಏನು ಬರೆದಿದ್ದಾರೋ, ಗೊತ್ತಿಲ್ಲ ನನಗೆ, ಆ ಬಿಳಿ ದಾರ, ಕುಂಕುಮ ತಾಗಿ ಕೆಂಪಾದ ಗಂಟು, ನಾನು ಎಳೆಯಲೆಂದೇ ಉದ್ದ ಬಿಟ್ಟ ಆ ತುದಿ.