ಐದಕ್ಕೆ ಕಮ್ಮಿಯಿಲ್ಲ

"ನಿಲ್ಸೇ, ಕೊಲೆಗಡುಕಿ! ಕೈ ತೆಗಿ ಅಂದೆ!"

ಅತ್ತೆ ಕೈ ತೆಗೆಯಲಿಲ್ಲ. ಯೇಸುವಿನ ಎಡಗೈ ಮುಗಿದಿತ್ತು, ಬಲ ಅಂಗೈಯಲ್ಲಿ ಮೊಳೆ ಅರ್ಧ ಇಳಿದಿತ್ತು. ಅಚ್ಚಿನಿಂದ ತೆಗೆದ ಪ್ಲಾಸ್ಟರ್ ಹಸಿ ಸೋಪಿನ ಹದದಲ್ಲಿರುವಾಗಲೇ ತೂತು ಕೊರೆಯಬೇಕು. ತಡವಾದರೆ ಬೆರಳು ಸಮೇತ ಬಿರಿಯುತ್ತದೆ. ಅವಳು ಮೊಳೆಯನ್ನು ತಿರುಗಿಸಿ, ಹೊರಗೆಳೆದು, ತೂತಿನೊಳಗೆ ಉಫ್ ಎಂದು ಊದಿ, ಆಮೇಲೆ ತಲೆಯೆತ್ತಿ "ಏನ್ ಯಜಮಾನ್ರೇ?" ಎಂದಳು. ಹಾರಿದ ಪುಡಿಗೆ ಯಜಮಾನನ ಮೀಸೆ ಬೆಳ್ಳಗಾಗಿತ್ತು.

ನನಗೆ ನಗು ಬಂತು. ಆ ಕೋಣೆಯಲ್ಲಿ ನಗಲು ಕಾರಣ ಬೇಕಿರಲಿಲ್ಲ. ಒದ್ದೆ ವಾರ್ನಿಶ್ ಮೇಲೆ ದೂಳು ಕೂರಬಾರದೆಂದು ಯಜಮಾನ ಕಿಟಕಿಗಳಿಗೆ ಹಲಗೆ ಹೊಡೆಸಿದ್ದ. ಹನ್ನೊಂದು ಗಂಟೆಯ ಹೊತ್ತಿಗೆ ಥಿನ್ನರ್ ವಾಸನೆ ನೆತ್ತಿಗೇರಿ ಏಳು ಹೆಂಗಸರೂ ತೇಲುತ್ತಿದ್ದೆವು. ಅತ್ತೆಯದು ಗಾಯದ ಕೆಲಸ, ನನ್ನದು ಕಣ್ಣು ಬರೆಯುವುದು. ಮನೆಯಲ್ಲಿ ಬೆನ್ನು ಮುರಿದು ಮಲಗಿದ ನನ್ನ ಗಂಡ. ಮೂರು ಹೊಟ್ಟೆಗೆ ದುಡಿಯುವ ನಾಲ್ಕು ಕೈಯೂ ಇಲ್ಲೇ. ಹೋದ ವಾರ ಅಮಲಿನಲ್ಲಿ ಹನ್ನೆರಡು ಯೇಸುಗಳಿಗೆ ಮಾಲುಗಣ್ಣು ಬರೆದಿಟ್ಟಿದ್ದೆ. ಯಜಮಾನ ಅದೇ ಕುಂಚದಿಂದ ನನ್ನ ಹಣೆಯ ಮೇಲೆ ಎರಡು ಕಣ್ಣು ಬರೆದು, ಸಂಜೆಯವರೆಗೆ ಒರೆಸಕೂಡದು ಅಂದಿದ್ದ. ಅವತ್ತೂ ಬಿದ್ದು ಬಿದ್ದು ನಕ್ಕಿದ್ದೆವು. ಮನೆಗೆ ಹೋಗಿ ಕನ್ನಡಿ ನೋಡಿದ ಮೇಲೆ ನಗು ನಿಂತಿತ್ತು.

"ಇನ್ಮೇಲೆ ತೂತಿಲ್ಲ," ಎಂದ ಯಜಮಾನ. "ದೊಡ್ಡ ಹೋಟೆಲ್‌ನೋರ ಆರ್ಡರ್. ರೂಮಿಗೊಂದು. ಜನ ಆರಾಮಾಗಿರೋಕೆ ಬರ್ತಾರೆ, ರಕ್ತ ನೋಡೋಕಲ್ಲ. ಕೈ ಚಾಚಿ ನಗ್ತಾ ನಿಂತಿದ್ರೆ ಸಾಕು. ಕೆಳಗೆ 'ಶಾಂತಿಪುರುಷ' ಅಂತ ಚೀಟಿ. ಯಾವ ಧರ್ಮದೋರಿಗೂ ತಕರಾರಿಲ್ಲ. ಕೊರೆದು ಒಣಗ್ಸಿರೋ ಇನ್ನೂರಕ್ಕೂ ಪುಟ್ಟಿ ತುಂಬಿ ಮುಚ್ಚು. ನಾಳೆ ಲಾರಿ ಬರುತ್ತೆ."

"ಸಾಯ್ಲೇ ಇಲ್ವಾ ಹಾಗಾದ್ರೆ?"

"ಯಾರು?"

"ಇವನು."

"ಸತ್ರೆ ಸತ್ತ, ಬಿಟ್ರೆ ಬಿಟ್ಟ! ನಿಮ್ಮಪ್ಪನ ಗಂಟೇನ್ ಹೋಗುತ್ತೆ?"

"ಸಾಯ್ದೇ ಇದ್ರೆ ಎದ್ದಿದ್ದೆಲ್ಲಿಂದ ಯಜಮಾನ್ರೇ? ಮಧ್ಯಾಹ್ನದ ನಿದ್ದೆಯಿಂದಾನಾ?"

ನಿಲುವಂಗಿಗೆ ಬಣ್ಣ ಹಚ್ಚುವ ಕುಳ್ಳಿ ಕಿಸಕ್ಕೆಂದಳು. ನೀಲಿ ಬಣ್ಣ ಅವಳ ಪಾದದ ಮೇಲೆಲ್ಲ ಚೆಲ್ಲಿತು.

ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಕೇಳಿದ್ದೆ: ಎದ್ದ ಮೇಲೂ ಗಾಯ ಯಾಕತ್ತೆ, ಮಾಯಬೇಕಿತ್ತಲ್ಲ? "ಮಾಯ್ದಿದ್ರೆ ಬೇರೆ ಯಾವನೋ ಬಂದ ಅಂತಿದ್ರು ಕಣೇ. ಮೊಳೆ ಹೊಡಿಸ್ಕೊಂಡು ಸತ್ತೋನೇ ಎದ್ದಿದ್ದು. ಗುರುತು ಬೇಡ್ವಾ?" ಅವಳಿಗೆ ಗೊತ್ತಿದ್ದ ಜ್ಞಾನೋಪದೇಶ ಅಷ್ಟೇ. ನನಗೂ ಅಷ್ಟು ಸಾಕಾಗಿತ್ತು.

ಊಟದ ಹೊತ್ತಿಗೆ ಯಜಮಾನ ಪಾದ್ರಿಯನ್ನೇ ಕರೆತಂದ. ಚರ್ಚಿನ ಹೊಸ ಚಾವಣಿ ಹಾಕಿಸಿಕೊಟ್ಟವನು ಇವನೇ. ಪಾದ್ರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಅಂದರು, "ಗಾಯ ಅನ್ನೋದೆಲ್ಲ ಸಂಕೇತ ಕಣಮ್ಮಾ. ನಂಬಿಕೆ ಮನಸ್ಸಲ್ಲಿದ್ರೆ ಆಯ್ತು."

"ಹೌದಾ ಫಾದರ್?" ಅತ್ತೆ ಮೊಳೆ ಎತ್ತಿಕೊಂಡಳು. "ಕೈ ಕೊಡಿ ಹಾಗಾದ್ರೆ. ನಿಮಗೂ ಒಂದ್ ಸಂಕೇತ ಮಾಡ್ಕೊಡ್ತೀನಿ."

ಪಾದ್ರಿಯ ಎರಡೂ ಕೈ ನಿಲುವಂಗಿಯ ಜೇಬು ಸೇರಿದವು. ಪ್ರಾರ್ಥನೆಗೆ ಹೊತ್ತಾಯಿತೆಂದು ಹೊರಟೇಬಿಟ್ಟರು, ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು.

ಯಜಮಾನ ಸ್ಟೂಲ್ ಎಳೆದುಕೊಂಡು ಅತ್ತೆಯ ಎದುರು ಕೂತ. ಗೆರೆ ಕಾಣದಂತೆ ಪುಟ್ಟಿ ತುಂಬುವ ಕೈ ಇದ್ದದ್ದು ಎರಡೇ ಜನಕ್ಕೆ: ಅವಳಿಗೆ, ಅವಳು ಕಲಿಸಿದ ನನಗೆ.

"ಸರಿ, ಕಾಲಿಂದು ಎರಡು ಮುಚ್ಚು. ಅಲ್ಲಿ ಯಾರ್ ಬಗ್ಗಿ ನೋಡ್ತಾರೆ?"

"ಐದೂ ಇರ್ಬೇಕು."

"ಪಕ್ಕೆದು ಬಟ್ಟೆ ಒಳಗ್ ಹೋಗುತ್ತೆ. ಕೈದೆರಡು ಇರ್ಲಿ."

"ಐದು."

"ತರಕಾರಿ ಸಂತೇಲೂ ಇಷ್ಟು ಚೌಕಾಸಿ ಇಲ್ವಲ್ಲೇ! ಒಂದು. ಬಲಗೈಲಿ ಒಂದೇ ಒಂದು. ಸೊಳ್ಳೆ ಕಚ್ಚಿದಷ್ಟು."

"ಸೊಳ್ಳೆ ಕಚ್ಚಿ ಸತ್ತನಾ ಯಜಮಾನ್ರೇ?"

ಕೋಣೆ ಬಿರಿಯಿತು. ಕುಳ್ಳಿ ನೆಲಕ್ಕೆ ಕೂತೇಬಿಟ್ಟಳು. ನಾನು ಒಬ್ಬ ಯೇಸುವಿನ ಭುಜ ಹಿಡಿದುಕೊಂಡು ಉಸಿರಿಗೆ ಒದ್ದಾಡಿದೆ. ಥಿನ್ನರ್ ಯಜಮಾನನಿಗೂ ರಿಯಾಯಿತಿ ಕೊಡಲಿಲ್ಲ. ಅವನ ಬಾಯಿಂದಲೂ ಫಕ್ಕನೆ ನಗು ಹಾರಿತು. ನಕ್ಕಿದ್ದನ್ನು ನಾವು ನೋಡಿದೆವು. ನೋಡಿದ್ದನ್ನು ಅವನು ನೋಡಿದ. ಎದ್ದವನೇ ಅತ್ತೆಯ ಕೆನ್ನೆಗೆ ಬಾರಿಸಿದ.

"ದರಿದ್ರ ಮುಂಡೇದೇ, ನಡಿ ಹೊರಗೆ! ಇನ್ನೊಂದ್ಸಲ ಈ ಕಡೆ ಮುಖ ಹಾಕಿದ್ರೆ ಕಾಲ್ ಮುರೀತೀನಿ!"

ಅತ್ತೆ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಮೊಳೆಯನ್ನು ತುರುಬಿಗೆ ಸಿಕ್ಕಿಸಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹೊರಟುಹೋದಳು.

ಯಜಮಾನ ಬೆವರು ಒರೆಸಿಕೊಂಡು ನನ್ನ ಪಕ್ಕಕ್ಕೆ ಬಂದು ಕೂತ. ದನಿಗೆ ಜೇನು ಸವರಿದ್ದ.

"ಗಂಡ ಹೇಗಿದ್ದಾನಮ್ಮ?"

ಎರಡು ವರ್ಷದಲ್ಲಿ ಮೊದಲ ಸಲ ಕೇಳಿದ. ಇಲ್ಲಿನ ಗೋದಾಮಿನಲ್ಲಿ ಪ್ಲಾಸ್ಟರ್ ಮೂಟೆಗಳು ಗಂಡನ ಬೆನ್ನ ಮೇಲೆ ಕುಸಿದ ದಿನ, "ಇವನ್ಯಾರೋ, ನಮ್ಮೋನಲ್ಲ" ಎಂದವನೂ ಇವನೇ.

"ಕೂತಲ್ಲೇ ಚೀಟಿ ಅಂಟಿಸೋ ಕೆಲಸ ಕೊಡ್ತೀನಿ ಅವನಿಗೆ. ಖಾಯಂ. ಗಾಡಿ ಕಳಿಸಿ ಕರ್ಸ್ಕೋತೀನಿ. ನೀನು ಈ ಕೋಣೆಗೆ ಮೇಸ್ತ್ರಿ. ಆ ಮುದುಕಿ ಬಾಯಿಗೂ ಬೀಗ ಬೀಳುತ್ತೆ, ಇನ್ ಮನೇಲಿ ನಿಂದೇ ರಾಜ್ಯ. ಯಾವ ಸೊಸೆ ಬೇಡ ಅಂತಾಳೆ ಹೇಳು?"

ಪುಟ್ಟಿ ಡಬ್ಬಿಯನ್ನೂ ತಗಡಿನ ಸಟ್ಟುಗವನ್ನೂ ನನ್ನ ಮಡಿಲಲ್ಲಿಟ್ಟ. ಗಂಡ ಕುರ್ಚಿಯಲ್ಲಿ ನೆಟ್ಟಗೆ ಕೂತು, ನಾಲಗೆಯಿಂದ ಬೆರಳು ಒದ್ದೆ ಮಾಡಿಕೊಂಡು ಚೀಟಿ ಅಂಟಿಸುವುದು ಕಣ್ಣಿಗೆ ಕಟ್ಟಿತು. ಎಷ್ಟು ಚೆನ್ನಾಗಿ ಕಟ್ಟಿತೆಂದರೆ ಎದೆ ಹಾರಿತು, ಅದರ ಹಿಂದೆಯೇ ನಗು ನುಗ್ಗಿ ಬಂತು. ಬಿಕ್ಕಳಿಕೆ ಬರುವಷ್ಟು ನಕ್ಕೆ. ಕಣ್ಣಲ್ಲಿ ನೀರು. ಒಪ್ಪಿದೆನೆಂದುಕೊಂಡು ಯಜಮಾನನೂ ನಕ್ಕ. ಗೋಡೆಗೊರಗಿದ ಇನ್ನೂರು ಜನ ಅಂಗೈ ತೋರಿಸಿಕೊಂಡು ನಿಂತಿದ್ದರು.

ನಾನು ಡಬ್ಬಿ ಎತ್ತಿ ಅವನ ತೊಡೆಯ ಮೇಲಿಟ್ಟೆ.

"ಮುಚ್ಚಲ್ಲ," ಎಂದೆ. "ಒಂದನ್ನೂ ಮುಚ್ಚಲ್ಲ."