ಚಾಕ್ಯಾರರ ಕೊನೆಯ ಪ್ರಶ್ನೆ

ನಾಲ್ಕನೇ ಕ್ಲಾಸು ನಡೆಯುವ ಹಾಲ್‌ನ ತೊಲೆ ಗೆದ್ದಲು ಹಿಡಿದು ಟೊಳ್ಳಾಗಿದೆ, ಮಳೆಗಾಲಕ್ಕೆ ಮುಂಚೆ ಬದಲಾಯಿಸಿ ಎಂದು ಸುಲೋಚನ ಟೀಚರ್ ಮೂರು ಸಲ ಹೇಳಿದ್ದರು. ಮೂರನೆಯ ಸಲ ಸ್ಕೂಲಿನ ಮ್ಯಾನೇಜರ್ ಶಂಕುಣ್ಣಿ ಪಣಿಕ್ಕರ್ ನಕ್ಕರು. "ಟೀಚರೇ, ಇನ್ನೊಂದ್ಸಲ ಆ ಸುದ್ದಿ ಎತ್ತಿದ್ರೆ ಮನೇಲಿ ಕೂತು ನಿಮ್ಮ ತೊಲೆ ಎಣಿಸ್ಬೇಕಾಗತ್ತೆ."

ಅಷ್ಟರಲ್ಲಿ ಮಕ್ಕಳಿಗೆ ಕೂತ್ತು, ಅಂದರೆ ಚಾಕ್ಯಾರರೆಂಬ ವಿದೂಷಕರು ಒಬ್ಬರೇ ನಿಂತು ಕಥೆ ಹೇಳಿ ನಗಿಸುವ ಕೇರಳದ ದೇವಸ್ಥಾನದ ಆಟ, ತೋರಿಸುವ ಕಾರ್ಯಕ್ರಮ ಬಂತು. ಕಿರೀಟ ತೊಟ್ಟು ದೀಪದ ಮುಂದೆ ನಿಂತ ಚಾಕ್ಯಾರರು ಯಾರನ್ನು ಬೇಕಾದರೂ ಹಂಗಿಸಬಹುದು, ಮಹಾರಾಜರೂ ತುಟಿಪಿಟಕ್ಕೆನ್ನುವಂತಿರಲಿಲ್ಲ. ಯಾರಾದರೂ ಬಾಯಿಬಿಟ್ಟರೋ, ಚಾಕ್ಯಾರರು ಕಿರೀಟ ತೆಗೆದಿಡುತ್ತಾರೆ, ಆ ಜಾಗದಲ್ಲಿ ಮತ್ತೆಂದೂ ಆಡುವುದಿಲ್ಲ. ಕಾರ್ಯಕ್ರಮದ ದಿನ ಬೆಳಿಗ್ಗೆ ಮಕ್ಕಳ ಕಣ್ಣೆದುರೇ ಟೀಚರ್ ಮುದುಕ ಪರಮೇಶ್ವರ ಚಾಕ್ಯಾರರ ಕಿವಿಯಲ್ಲಿ ತೊಲೆಯ ವಿಷಯ ಊದಿದರು.

ಆದರೆ ಈ ಪುಣ್ಯಾತ್ಗಿತ್ತಿ ವಾರವಿಡೀ ಮಕ್ಕಳಿಗೆ ಬೇರೆ ಪಾಠ ಮಾಡಿದ್ದರು: "ಅವರೇನು ಕೇಳಿದ್ರೂ ಜೋರಾಗಿ ಉತ್ತರ ಹೇಳ್ಬೇಕು, ಗೊತ್ತಾಯ್ತಾ?" ಕಿರೀಟ ತೊಡುವ ತನಕ ಮಾತ್ರ ಉತ್ತರ, ತೊಟ್ಟ ಮೇಲೆ ಮೌನ ಎನ್ನುವುದನ್ನು ಹೇಳಲು ಮರೆತೇಬಿಟ್ಟಿದ್ದರು.

ಕಾರ್ಯಕ್ರಮ ಅದೇ ಹಾಲ್‌ನಲ್ಲಿ. ಹೊರಗೆ ಮಧ್ಯಾಹ್ನವೇ ಕಪ್ಪುಗಟ್ಟಿತ್ತು. ಚಾಕ್ಯಾರರು ಮೊದಲು ಶ್ಲೋಕ ಹಾಡಿ ಅರ್ಥ ಕೇಳಿದರು, ಮಕ್ಕಳು ಕಿರುಚಿ ಹೇಳಿದರು, ಮ್ಯಾನೇಜರೂ ಚಪ್ಪಾಳೆ ತಟ್ಟಿದರು. ಆಮೇಲೆ ಕಿರೀಟ ತಲೆಗೇರಿತು, ಹಿಂದಿದ್ದ ಮಿಳಾವು, ಕೊಡದಂಥ ದೊಡ್ಡ ತಾಳವಾದ್ಯ, ಗುಡುಗಿತು.

"ಒಬ್ಬ ರಾಜ," ಚಾಕ್ಯಾರರು ಪಣಿಕ್ಕರರನ್ನೇ ನೋಡಿದರು. "ಅವನ ಮನೆ ಬಾಗಿಲಿಗೆಲ್ಲ ಹೊಸ ಮರ, ಮಕ್ಕಳ ತಲೆ ಮೇಲೆ ಗೆದ್ದಲು. ಗೆದ್ದಲಿಗೂ ಹೊಟ್ಟೆ ತುಂಬ್ತು, ರಾಜನಿಗೆ ಇನ್ನೂ ತುಂಬಿಲ್ಲ!"

ಪಣಿಕ್ಕರರ ಮುಖ ಕೆಂಪಾಯಿತು. ಆದರೂ ತುಟಿ ಬಿಚ್ಚಲಿಲ್ಲ. ಗೆದ್ದೆ ಎಂದುಕೊಂಡರು ಟೀಚರ್.

"ರಾಜ ಯೋಚಿಸ್ತಾ ಇದಾನೆ, ಇದನ್ನ ಈ ವಿದೂಷಕನಿಗೆ ಹೇಳಿದ್ಯಾರು?" ಚಾಕ್ಯಾರರು ಕೈ ಚಾಚಿದರು. "ಯಾರು ಹೇಳಿದ್ರು?"

"ಸುಲೋಚನ ಟೀಚರ್!" ಅರವತ್ತು ಮಕ್ಕಳು ಒಕ್ಕೊರಲಿನಿಂದ ಕೂಗಿದರು.

ಮಿಳಾವು ನಿಂತಿತು. ಚಾಕ್ಯಾರರು ಟೀಚರನ್ನು ಒಮ್ಮೆ ನೋಡಿ, ಕಿರೀಟ ತೆಗೆದು, ದೀಪ ಆರಿಸಿ ಒಳಗೆ ಹೋದರು.

ಈಗ ಮಾತಾಡುವ ಸರದಿ ಪಣಿಕ್ಕರರದು. "ಟೀಚರ್, ಇವತ್ತಿಗೆ ನಿಮ್ಮ ಕೆಲಸ ಮುಗೀತು. ಹೊರಡಿ."

"ಮಕ್ಕಳೇ, ಎದ್ದೇಳಿ! ಹೊರಗೆ ಬನ್ನಿ!" ಟೀಚರ್ ಗಂಟಲು ಹರಿಯುವಂತೆ ಕೂಗಿದರು.

"ಯಾರೂ ಏಳ್ಕೂಡ್ದು. ಕ್ಲಾಸು ಇಲ್ಲೇ, ನಾಳೇನೂ ಇಲ್ಲೇ," ಎಂದರು ಪಣಿಕ್ಕರ್, ನಗುನಗುತ್ತಲೇ. "ಈ ತೊಲೆಗೇನಾಗಿದೆ, ಮಕ್ಕಳೇ? ಹೇಳಿ ನೋಡೋಣ."

ಒಂದು ಮಗುವೂ ಉತ್ತರಿಸಲಿಲ್ಲ. ಹೊರಗೆ ದಪ್ಪ ಹನಿಗಳು ಹೆಂಚಿನ ಮೇಲೆ ಬೀಳತೊಡಗಿದವು. ಮುಂದಿನ ಸಾಲಿನ ನಫೀಸ ತನ್ನ ಬೈತಲೆಯ ಮೇಲೆ ಉದುರಿದ ಮರದ ಪುಡಿಯನ್ನು ಕೊಡವಿಕೊಂಡು, ಕೈಕಟ್ಟಿ ಕೂತಳು.