ಫಿರಂಗಿಯ ಸೊಂಟ

ಬೇಸಿಗೆ ಮುಗಿಯುತ್ತ ಬಂದಿತ್ತು. ಬೆಳಗಿನ ಬಿಸಿಲು ಇನ್ನೂ ಗೋಡೆ ಹತ್ತಿರಲಿಲ್ಲ. ಅಕ್ಕ ಬಗ್ಗಿ ಕೂತು ತಮ್ಮನಿಗೆ ಕಾಲುಚೀಲ ಏರಿಸುತ್ತಿದ್ದಳು. ಸೈನ್ಯದಲ್ಲಿ ತೋಪುಗಳ ಪಕ್ಕದಲ್ಲೇ ಹರೆಯ ಕಳೆದು ಅವನ ಕಿವಿ ಮಂದವಾಗಿತ್ತು. ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತಿದ್ದುದರಿಂದ ಫಿರಂಗಿ ಎಂದೇ ಹೆಸರು ಬಿದ್ದಿತ್ತು. ಗುಂಡು ತುಂಬಿದ ಪೆಟ್ಟಿಗೆಗಳನ್ನು ಹೊತ್ತು ಹೊತ್ತು ಸೊಂಟದ ಕೀಲು ಸವೆದಿತ್ತು.

ಅವತ್ತು ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ತಪಾಸಣೆ. ಸೊಂಟ ಕೆಟ್ಟದ್ದು ನೌಕರಿಯಿಂದಲೇ ಎಂದು ಡಾಕ್ಟರು ಒಪ್ಪಿದರೆ ಆಪರೇಷನ್ನು ಸರ್ಕಾರದ ಖರ್ಚಿನಲ್ಲಿ. ಅಕ್ಕನಿಗೆ ಡಾಕ್ಟರ ಭಯವಿರಲಿಲ್ಲ, ಭಯವೆಲ್ಲ ತಮ್ಮ ಏನು ಹೇಳಿಬಿಡುತ್ತಾನೋ ಎಂದೇ. ಸೈನ್ಯ ಬಿಡುವ ದಿನವೂ ನೋವಿದೆಯೇ ಎಂದು ಡಾಕ್ಟರು ಅವನನ್ನು ಹೀಗೇ ಕೇಳಿದ್ದರು. ನೋವಿದೆ ಎಂದವರನ್ನು ಇನ್ನೊಂದು ತಿಂಗಳು ಅಲ್ಲೇ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ಸಾಲಿನಲ್ಲಿದ್ದವರೆಲ್ಲ ಹಲ್ಲು ಕಚ್ಚಿಕೊಂಡು ಏನೂ ತೊಂದರೆಯಿಲ್ಲ ಎಂದು ಹೇಳಿ ಮೊದಲ ರೈಲು ಹತ್ತಿದ್ದರು. ಇವನೂ ಹತ್ತಿದ್ದ.

ದಾರಿಯುದ್ದಕ್ಕೂ ಅವಳು ಬುದ್ಧಿ ಹೇಳಿದಳು. ಅವನು ಹೂಂಗುಟ್ಟಿದ. ಆಸ್ಪತ್ರೆಯ ಬೆಂಚಿನ ಮೇಲೆ ಹಳೆಯ ಜೊತೆಗಾರ, ಮೆಸ್ಸಿನ ಅಡುಗೆಯವ, ನರಳುವುದನ್ನು ಅಭ್ಯಾಸ ಮಾಡುತ್ತಿದ್ದ. "ಇಷ್ಟು ಸಾಕಾ ಅಕ್ಕಾ, ಇನ್ನೊಂಚೂರು ಖಾರ ಹಾಕ್ಲಾ?" ಎಂದ. ಅವಳಿಗೆ ನಗು ಬಂತು. ಫಿರಂಗಿ ನಗಲಿಲ್ಲ.

ಒಳಗೆ ಕಾಲಿಟ್ಟದ್ದೇ ತಡ, ಬೆನ್ನು ಸೆಟೆಸಿ ನಿಂತುಬಿಟ್ಟ. ಏನು ತೊಂದರೆ ಎಂದು ಡಾಕ್ಟರು ಕೇಳಿದರು.

"ಏನೂ ತೊಂದರೆ ಇಲ್ಲ ಸಾರ್!"

ಕಿಟಕಿಯ ಗಾಜು ನಡುಗಿತು. ಡಾಕ್ಟರು ಪೆನ್ನು ಎತ್ತಿಕೊಂಡರು. ಅಕ್ಕನಿಗೆ ತಡೆಯಲಾಗಲಿಲ್ಲ.

"ಸುಳ್ಳು ಸಾರ್. ಕಾಲುಚೀಲಾನೂ ದಿನಾ ನಾನೇ ಹಾಕೋದು. ಬಗ್ಗಿಸಿ ನೋಡಿ."

ಬಗ್ಗಿಸಿ ನೋಡಿದರು. ಕೈ ಮಂಡಿಯವರೆಗೂ ಹೋಗಲಿಲ್ಲ, ಮುಖವೆಲ್ಲ ಬೆವರು. ಡಾಕ್ಟರು ಒಳ್ಳೆಯವರೇ. ಆಪರೇಷನ್ನಿಗೆ ಒಪ್ಪಿಗೆ ಬರೆದರು.

ಹೊರಗೆ ಮೆಟ್ಟಿಲ ಮೇಲೆ ಅವನು ಗೋಡೆ ಹಿಡಿದು ಕೂತ. ಯಾವತ್ತೂ ಇಲ್ಲದ ಹಾಗೆ ಮೆಲ್ಲಗೆ ಹೇಳಿದ.

"ಮನೆ ಹೋಯ್ತಲ್ಲಕ್ಕಾ."

ಅವರಿದ್ದ ಎರಡು ಕೋಣೆಯ ಬಾಡಿಗೆ ಮನೆಯನ್ನು ಮಾಲೀಕ ಮಾರಲಿಟ್ಟಿದ್ದ. ಮಾಜಿ ಸೈನಿಕರಿಗೆ ಕಡಿಮೆ ಬಡ್ಡಿಯ ಸಾಲವಿದೆ, ನಾನೇ ಕೊಳ್ಳುತ್ತೇನೆ ಎಂದು ತಮ್ಮ ಓಡಾಡುತ್ತಿದ್ದುದು ಅಕ್ಕನಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇಷ್ಟೇ: ಸಾಲ ತೀರುವವರೆಗೂ ಇವನು ಈಗಿನ ಗೋದಾಮಿನ ಕಾವಲು ಕೆಲಸ ಮಾಡಬಲ್ಲ, ಆಳು ಗಟ್ಟಿಮುಟ್ಟಾಗಿದ್ದಾನೆ ಎಂದು ಬ್ಯಾಂಕಿಗೆ ಬರೆದುಕೊಡಬೇಕಾದವರೂ ಇದೇ ಡಾಕ್ಟರು. ಎರಡೂ ಸಿಗುವುದಿಲ್ಲವೆಂದು ತಿಳಿದು ಅವನು ಮನೆಯನ್ನು ಆರಿಸಿಕೊಂಡಿದ್ದ.

"ನಂಗ್ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸೊಂಟಾನೇ ಮುಖ್ಯ ಅಂತಿದ್ದೆ."

ಅವಳು ಪಕ್ಕದಲ್ಲಿ ಕೂತಳು.

"ಸೊಂಟ ಹೋದೋನೂ ಎಲ್ಲಾದ್ರೂ ಮಲಗ್ಬೇಕಲ್ಲೋ. ಅಷ್ಟೂ ಗೊತ್ತಾಗಲ್ವಾ ಇವ್ರಿಗೆ?"

"ಅದು ಬೇರೆ ಆಫೀಸಕ್ಕಾ."

ಬ್ಯಾಂಕಿನವರು ಕೂರಿಸಿ, ನೀರು ಕೊಟ್ಟು, ಆಗುವುದಿಲ್ಲ ಎಂದರು. ಮಾಲೀಕನಿಗೆ ಬೇರೆ ಗಿರಾಕಿ ಸಿಕ್ಕಿದ. ಅಡುಗೆಯವ ಇವರಿಬ್ಬರಿಗೆಂದು ತನ್ನ ಮನೆಯ ಹಿಂದಿನ ಕೋಣೆಯಿಂದ ಸೌದೆ ತೆಗೆಸಿ ಸುಣ್ಣ ಹೊಡೆಸಿದ.

ಫಿರಂಗಿ ಆಪರೇಷನ್ನಿಗೆ ಹೊರಟದ್ದು ಮಂಗಳವಾರ. ಅಕ್ಕ ಟ್ರಂಕುಗಳನ್ನು ಗಾಡಿಗೇರಿಸಿ, ಬೀಗದ ಕೈ ಮಾಲೀಕನ ಕೈಗಿಟ್ಟು ಹೊರಟದ್ದು ಗುರುವಾರ.